ತೆರಿಗೆಯ ವಿಚಾರಣೆಯಲ್ಲಿ ಸುಳ್ಳುಸಾಕ್ಷಿ

ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡು ಫಲವಿಲ್ಲವೆಂಬುದು ನಮ್ಮ ಹಿರಿಯರ ಗಾದೆ. ಅವನಿಗೆ ಬೇಕಾದುದು ಲೆಕ್ಕವೇ ಹೊರತು ನಮ್ಮ ಮನೆಯ ಕಷ್ಟವಲ್ಲ. ಆದರೆ ಅದೇ ಸುಂಕದವನ ಮುಂದೆ ಒಬ್ಬಾತನು ಇನ್ನೊಬ್ಬನ ಲಾಭಕ್ಕಾಗಿ ಸುಳ್ಳು ಹೇಳಿದರೆ ಏನಾಗುವುದೆಂಬುದನ್ನು ಗಾದೆ ಹೇಳುವುದಿಲ್ಲ. ಅದನ್ನು ಈ ಲೇಖನದಲ್ಲಿ ವಿಚಾರಿಸಬೇಕೆಂದಿದ್ದೇವೆ. ಇಂಥ ಕೋರ್ಟುಕಚೇರಿಯ ವಿಷಯ ಮಕ್ಕಳಿಗೇಕೆ ಎಂದು ಕೆಲವು ತಂದೆತಾಯಿಗಳು ಕೇಳಿಯಾರು. ನಮ್ಮ ಗಡಿನಾಡಿನ ಅನೇಕ ಮನೆಗಳಲ್ಲಿ ಸರಕಾರದ ಕಾಗದವೊಂದು ಬಂದರೆ ಅದನ್ನು ಓದಿ ಹಿರಿಯರಿಗೆ ಅರ್ಥ ಹೇಳುವವರು ಶಾಲೆಗೆ ಹೋಗುವ ಮಕ್ಕಳೇ ಆಗಿದ್ದಾರೆ. ಮನೆಯ ಯಜಮಾನರ ರುಜು ಯಾವ ಬರಹದ ಕೆಳಗೆ ಬೀಳುತ್ತದೆಂಬುದನ್ನು ಮೊದಲು ಕಾಣುವ ಕಣ್ಣು ಅವರದು. ಆದುದರಿಂದ ಈ ವಿಷಯದ ಸ್ವಲ್ಪ ತಿಳಿವಳಿಕೆ ಅವರಿಗೂ ಇರಬೇಕು.

ಕಳವಿನ ಮೊಕದ್ದಮೆಯಲ್ಲಿ ಸಾಕ್ಷಿಯೆಂದರೆ ಬಹುಮಟ್ಟಿಗೆ ಕಳ್ಳನನ್ನು ಕಣ್ಣಾರೆ ಕಂಡವನು. ತೆರಿಗೆಯ ವಂಚನೆಯನ್ನು ಹಾಗೆ ಕಂಡವರು ಅಪರೂಪ. ಅದು ನಡೆಯುವುದು ಲೆಕ್ಕದ ಪುಸ್ತಕದ ಹಾಳೆಯ ಮೇಲೆ. ಬಂದ ಹಣವನ್ನು ಬರೆಯದೆ ಬಿಡುವುದು, ಕೊಡದ ಹಣವನ್ನು ಕೊಟ್ಟೆನೆಂದು ಬರೆಯುವುದು, ತನ್ನದೇ ಗುಪ್ತಧನವನ್ನು ಪರರಿಂದ ತಂದ ಸಾಲವೆಂದು ತೋರಿಸುವುದು, ಇಲ್ಲದ ಸರಕಿಗೆ ಬಿಲ್ಲು ಮಾಡುವುದು, ಇವೇ ಅದರ ಸಾಮಾನ್ಯ ರೀತಿಗಳು. ಪುಸ್ತಕವು ತಾನಾಗಿ ಮಾತನಾಡುವುದಿಲ್ಲ. ಅದರಲ್ಲಿ ಬರೆದುದು ನಿಜವೋ ಅಲ್ಲವೋ ಎಂದು ತಿಳಿಯಬೇಕಾದರೆ ಅಲ್ಲಿ ಹೆಸರಿರುವ ಮನುಷ್ಯನನ್ನು ಕರೆದು, “ನೀವು ಈ ವ್ಯಾಪಾರಿಗೆ ಇಷ್ಟು ಸಾಲ ಕೊಟ್ಟದ್ದುಂಟೇ? ಇಷ್ಟು ಸರಕು ಮಾರಿದ್ದುಂಟೇ?” ಎಂದು ಕೇಳಬೇಕು. ಅವನು ಹೌದೆಂದರೆ ಸುಳ್ಳು ಲೆಕ್ಕಕ್ಕೆ ಒಡನೆ ಜೀವ ಬರುತ್ತದೆ. ಹೀಗೆ ಕರೆಯಲ್ಪಡುವವರು ದೊಡ್ಡ ಮನುಷ್ಯರಲ್ಲ. ಅಂಗಡಿಯ ಗುಮಾಸ್ತ, ಲಾರಿಯ ಚಾಲಕ, ಸರಕು ಮಾರಿದ ರೈತ, ವ್ಯಾಪಾರಿಯ ದೂರದ ನೆಂಟ, ಇವರೇ ಹೆಚ್ಚು.

ಈ ಉಪಾಯವೂ ಅದಕ್ಕೆ ಪ್ರತಿಯಾದ ಉಪಾಯವೂ ಬಹು ಹಳೆಯವು. ತಾಳೆಗರಿಯಲ್ಲಿದ್ದ ಕೌಟಿಲ್ಯನ ಅರ್ಥಶಾಸ್ತ್ರವನ್ನು ಮೈಸೂರಿನ ಪಂಡಿತ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಅಚ್ಚು ಹಾಕಿಸಿ ಲೋಕಕ್ಕೆ ಕೊಟ್ಟರೆಂಬುದು ಕನ್ನಡಿಗರೆಲ್ಲರೂ ಹೆಮ್ಮೆಪಡತಕ್ಕ ಸಂಗತಿ. ಅದರ ಎರಡನೆಯ ಅಧಿಕರಣದಲ್ಲಿ ಸುಂಕದ ಅಧ್ಯಕ್ಷನ ಕೆಲಸವನ್ನು ವಿವರಿಸುವಾಗ, ಸುಂಕಕ್ಕೆ ಹೆದರಿ ಸರಕಿನ ಅಳತೆಯನ್ನಾಗಲಿ ಬೆಲೆಯನ್ನಾಗಲಿ ಕಡಿಮೆ ಹೇಳಿದ ವರ್ತಕನಿಂದ, ಹೇಳಿದ್ದಕ್ಕಿಂತ ಹೆಚ್ಚಾಗಿ ಕಂಡುಬಂದುದನ್ನು ಅರಸನು ತೆಗೆದುಕೊಳ್ಳಬೇಕು, ಇಲ್ಲವೆ ಎಂಟು ಪಾಲು ಸುಂಕವನ್ನು ತೆರಿಸಬೇಕು ಎಂದಿದೆ. ನಾಲ್ಕನೆಯ ಅಧಿಕರಣದಲ್ಲಿ ಕೂಟಸಾಕ್ಷಿಗಳ, ಎಂದರೆ ಸುಳ್ಳುಸಾಕ್ಷಿಗಳ ಮಾತು ಬರುತ್ತದೆ. ಹಣಕ್ಕೆ ಸಾಕ್ಷಿ ನುಡಿಯುವವನೆಂದು ಸಂಶಯವಿದ್ದವನ ಬಳಿಗೆ ಗೂಢಚಾರನನ್ನು ಕಳುಹಿಸಿ, ಹೆಚ್ಚು ಹಣದ ಆಸೆ ತೋರಿಸಿ, ಒಪ್ಪಿದನೆಂದರೆ ದೇಶದಿಂದ ಹೊರಗೆ ಹಾಕಬೇಕೆಂಬುದು ಕೌಟಿಲ್ಯನ ಮತ. ಆಸೆ ಹುಟ್ಟಿಸಿ ಹಿಡಿಯುವ ಈ ಕ್ರಮ ನಮಗೆ ಅಷ್ಟಾಗಿ ಒಪ್ಪಿಗೆಯಾಗುವುದಿಲ್ಲ. ಆದರೂ ಸಾಕ್ಷಿ ನುಡಿಯುವುದು ಕೆಲವರಿಗೆ ಆಗಲೇ ಒಂದು ಕಸುಬಾಗಿತ್ತೆಂಬುದಕ್ಕೆ ಇದಕ್ಕಿಂತ ಬೇರೆ ಪ್ರಮಾಣ ಬೇಡ.

ಈಗಿನ ಕಾಯಿದೆಗೆ ಬರೋಣ. 1860ರ ಭಾರತ ದಂಡಸಂಹಿತೆಯ 193ನೆಯ ಕಲಮು ಸುಳ್ಳುಸಾಕ್ಷಿಗೆ ಶಿಕ್ಷೆಯನ್ನು ವಿಧಿಸಿತ್ತು. ಆ ಸಂಹಿತೆ ಹೋಗಿ 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಜಾರಿಗೆ ಬಂದಿದೆ. ಅದರಲ್ಲಿ ಇದೇ ವಿಷಯವು 229ನೆಯ ಕಲಮಿನಲ್ಲಿದೆ. ನ್ಯಾಯವಿಚಾರಣೆಯಲ್ಲಿ ಬೇಕೆಂದೇ ಸುಳ್ಳು ಸಾಕ್ಷ್ಯ ಕೊಟ್ಟವನಿಗೆ ಏಳು ವರ್ಷಗಳವರೆಗೆ ಸೆರೆಯೂ 10,000 ರೂಪಾಯಿಗಳವರೆಗೆ ದಂಡವೂ ಆಗಬಹುದು. ಇತರ ಸಂದರ್ಭಗಳಲ್ಲಿ ಸೆರೆ ಮೂರು ವರ್ಷಗಳವರೆಗೆ, ದಂಡ 5,000 ರೂಪಾಯಿಗಳವರೆಗೆ.

ಇಲ್ಲಿ ಬಹು ಜನರಿಗೆ ಒಂದು ತಪ್ಪು ಕಲ್ಪನೆಯುಂಟು. ಸುಳ್ಳುಸಾಕ್ಷಿಯೆಂದರೆ ಕೋರ್ಟಿನ ಕಟಕಟೆಯಲ್ಲಿ ನಿಂತು ಹೇಳಿದ ಸುಳ್ಳು ಮಾತ್ರವೆಂದೂ, ತೆರಿಗೆಯ ಕಚೇರಿಯಲ್ಲಿ ಮೇಜಿನ ಎದುರು ಕುಳಿತು ಹೇಳಿದುದಕ್ಕೆ ಅಷ್ಟು ತೂಕವಿಲ್ಲವೆಂದೂ ಅವರು ಭಾವಿಸುತ್ತಾರೆ. ಅದು ಸರಿಯಲ್ಲ. 1961ರ ಆದಾಯ ತೆರಿಗೆ ಕಾಯಿದೆಯು ಸಾಕ್ಷಿಗಳನ್ನು ಕರೆಸುವುದು, ಪ್ರಮಾಣ ಮಾಡಿಸಿ ಕೇಳುವುದು, ಪುಸ್ತಕಗಳನ್ನು ತರಿಸುವುದು ಮೊದಲಾದ ವಿಷಯಗಳಲ್ಲಿ ತೆರಿಗೆಯ ಅಧಿಕಾರಿಗೆ ಸಿವಿಲ್ ಕೋರ್ಟಿನ ಅಧಿಕಾರವನ್ನೇ ಕೊಟ್ಟು, ಅವನ ಮುಂದಿನ ನಡವಳಿಯನ್ನು ನ್ಯಾಯವಿಚಾರಣೆಯೆಂದೇ ಎಣಿಸತಕ್ಕದ್ದೆಂದು 136ನೆಯ ಕಲಮಿನಲ್ಲಿ ಹೇಳಿತ್ತು. ಅದರ ಸ್ಥಾನಕ್ಕೆ 2026ರ ಏಪ್ರಿಲ್ 1ರಿಂದ 2025ರ ಹೊಸ ಕಾಯಿದೆ ಬಂದಿದ್ದರೂ ತತ್ತ್ವ ಬದಲಾಗಿಲ್ಲ. 2017ರ ಜುಲೈ 1ರಿಂದ ನಡೆಯುತ್ತಿರುವ ಸರಕು ಮತ್ತು ಸೇವಾ ತೆರಿಗೆಯ ಕಾಯಿದೆಯಲ್ಲಿಯೂ ಇಂಥದೇ ನಿಯಮವಿದೆ. ಸಮನ್ಸು ಪಡೆದು ಆ ಕಚೇರಿಯ ಮೆಟ್ಟಿಲು ಹತ್ತಿದವನು ಕೋರ್ಟಿನ ಮೆಟ್ಟಿಲನ್ನೇ ಹತ್ತಿದಂತೆ.

ಇದೆಲ್ಲವೂ ಜನರ ಬದುಕಿನಲ್ಲಿ ಹೇಗೆ ತೊಡಕಾಗುತ್ತದೆಂಬುದನ್ನು ಅರಿಯಲು ನಮಗೆ ಪರಿಚಿತವಾದ ಅಡಿಕೆಯ ವ್ಯಾಪಾರದಿಂದ ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ಸಣ್ಣ ತೋಟದ ಬೆಳೆಗಾರನೊಬ್ಬನು ವರ್ಷದ ಬೆಳೆ ಎಂಟು ಕ್ವಿಂಟಾಲ್ ಅಡಿಕೆಯನ್ನು ಪೇಟೆಯ ವ್ಯಾಪಾರಿಗೆ ಮಾರುತ್ತಾನೆ. ವ್ಯಾಪಾರಿಯು ಅವನ ಮುಂದೆ ಇಪ್ಪತ್ತು ಕ್ವಿಂಟಾಲೆಂದು ಬರೆದ ಕಾಗದವನ್ನಿಟ್ಟು, “ಒಂದು ರುಜು ಹಾಕಿ ಅಣ್ಣಾ. ನಿಮಗೇನೂ ತೊಂದರೆಯಿಲ್ಲ. ಕೃಷಿಕರಿಗೆ ತೆರಿಗೆಯೇ ಇಲ್ಲವಲ್ಲ!” ಎನ್ನುತ್ತಾನೆ. ಈ ಮಾತಿನಲ್ಲಿ ಅರ್ಧ ಸತ್ಯವಿರುವುದರಿಂದಲೇ ಇದು ಅಪಾಯಕರ. ತನ್ನ ತೋಟದಲ್ಲಿ ತಾನು ಬೆಳೆದುದನ್ನು ಮಾರಿದ ರೈತನು ಆ ಮಾರಾಟಕ್ಕಾಗಿ ಸರಕು ಮತ್ತು ಸೇವಾ ತೆರಿಗೆಯಲ್ಲಿ ನೋಂದಣಿ ಮಾಡಿಸಬೇಕಾಗಿಲ್ಲ. ಕೇಂದ್ರದ ಆದಾಯ ತೆರಿಗೆಯೂ ಕೃಷಿಯ ಆದಾಯದ ಮೇಲೆ ಬೀಳುವುದಿಲ್ಲ. ಆದರೆ ಈತನ ತೋಟದಲ್ಲಿ ಬೆಳೆಯದ ಆ ಹನ್ನೆರಡು ಕ್ವಿಂಟಾಲು ಎಲ್ಲಿಯದು? ಹೊರದೇಶದ ಅಡಿಕೆಗೆ ಭಾರಿ ಆಮದು ಸುಂಕವಿದೆ. ಆ ಸುಂಕವನ್ನು ತೆರದೆ ಕಳ್ಳದಾರಿಯಲ್ಲಿ ತಂದ ಮಾಲನ್ನು ಊರಿನ ಅಡಿಕೆಯೆಂದು ತೋರಿಸಲು ಊರಿನ ಬೆಳೆಗಾರನೊಬ್ಬನ ಹೆಸರು ಬೇಕಾಗುತ್ತದೆ. ನಮ್ಮ ಬೆಳೆಗಾರನು ಕೊಟ್ಟುದು ಅದನ್ನೇ.

ವ್ಯಾಪಾರಿ ಇಷ್ಟಕ್ಕೇ ನಿಲ್ಲುವುದಿಲ್ಲ. ಇಪ್ಪತ್ತು ಕ್ವಿಂಟಾಲಿನ ಹಣವನ್ನು ಬೆಳೆಗಾರನ ಬ್ಯಾಂಕಿನ ಖಾತೆಗೆ ಹಾಕಿ, ಹನ್ನೆರಡರ ಹಣವನ್ನು ನಗದಾಗಿ ಹಿಂದಕ್ಕೆ ಪಡೆಯುತ್ತಾನೆ. ಎರಡು ವರ್ಷ ಕಳೆದ ಮೇಲೆ ವ್ಯಾಪಾರಿಯ ಅಂಗಡಿಯ ಶೋಧವಾಗಿ, ಬೆಳೆಗಾರನಿಗೆ ಸಮನ್ಸು ಬರುತ್ತದೆ. ಪ್ರಮಾಣ ಮಾಡಿ ಇಪ್ಪತ್ತು ಕ್ವಿಂಟಾಲು ಮಾರಿದೆನೆಂದು ಹೇಳಿದರೆ ಅಧಿಕಾರಿಯು ತೋಟದಲ್ಲಿ ಎಷ್ಟು ಮರಗಳಿವೆ, ಕೊಯ್ಲಿಗೆ ಎಷ್ಟು ಆಳು, ಸುಲಿದವರು ಯಾರು, ಯಾವ ಗಾಡಿಯಲ್ಲಿ ಸಾಗಿಸಿದಿರಿ ಎಂದು ಒಂದೊಂದಾಗಿ ಕೇಳತೊಡಗುತ್ತಾನೆ. ಒಂದು ಸುಳ್ಳನ್ನು ಉಳಿಸಲು ಹತ್ತು ಸುಳ್ಳುಗಳನ್ನು ಹೇಳಬೇಕಾಗುತ್ತದೆ. ಮರಗಳನ್ನಾದರೋ ಯಾರು ಬೇಕಾದರೂ ಹೋಗಿ ಎಣಿಸಬಹುದು. ಎಂಟೇ ಕ್ವಿಂಟಾಲು ಎಂದು ನಿಜವನ್ನು ಹೇಳಿದರೆ, ತನ್ನ ಖಾತೆಗೆ ಬಂದ ಮಿಕ್ಕ ಹಣ ಯಾರದೆಂದು ಹೇಳಬೇಕಾಗುತ್ತದೆ. ನಗದಾಗಿ ಹಿಂದೆ ಕೊಟ್ಟುದಕ್ಕೆ ಚೀಟಿ ಎಲ್ಲಿದೆ? ಲಾಭವೆಲ್ಲ ವ್ಯಾಪಾರಿಯ ಮನೆ ಸೇರಿತು. ರುಜು ಮಾತ್ರ ಬೆಳೆಗಾರನದು. ಅವನು ಪಡೆದುದು ಬಹುಶಃ ಒಂದು ಲೋಟ ಕಾಫಿ ಮತ್ತು ಮುಂದಿನ ವರ್ಷ ಒಳ್ಳೆಯ ಧಾರಣೆ ಕೊಡುವೆನೆಂಬ ಮಾತು.

ಅಡಿಕೆಯಲ್ಲಿ ಬೆಳೆಗಾರನಾದರೆ ಬೇರೆ ವ್ಯಾಪಾರಗಳಲ್ಲಿ ಕೂಲಿಯವನೋ ಕಾವಲುಗಾರನೋ ಈ ಸ್ಥಾನದಲ್ಲಿ ನಿಲ್ಲುತ್ತಾನೆ. ಸಾಲ ಕೊಡಿಸುವೆನೆಂದೋ ಕೆಲಸ ಕೊಡಿಸುವೆನೆಂದೋ ಹೇಳಿ ಅವನ ಆಧಾರ್ ಮತ್ತು ಪ್ಯಾನ್ ಕಾರ್ಡುಗಳನ್ನು ಪಡೆದು, ಅವನ ಹೆಸರಿನಲ್ಲಿ ಇಲ್ಲದ ಅಂಗಡಿಯೊಂದನ್ನು ನೋಂದಾಯಿಸಿ, ಕೋಟಿಗಟ್ಟಲೆ ಹಣದ ಹುಸಿ ಬಿಲ್ಲುಗಳನ್ನು ಹೊರಡಿಸುವ ವಂಚನೆ ಸರಕು ಮತ್ತು ಸೇವಾ ತೆರಿಗೆ ಬಂದಂದಿನಿಂದ ಮತ್ತೆ ಮತ್ತೆ ಹೊರಬಿದ್ದಿದೆ. ವಿಚಾರಣೆ ಬಂದಾಗ, “ಅಂಗಡಿ ನನ್ನದೇ ಎಂದು ಹೇಳು, ಮಿಕ್ಕುದನ್ನು ನಾನು ನೋಡಿಕೊಳ್ಳುತ್ತೇನೆ” ಎಂದು ಅವನಿಗೆ ಹೇಳಿಕೊಡಲಾಗುತ್ತದೆ. ಮೊದಲು ಮೋಸಹೋದವನು ಆ ಒಂದು ಮಾತಿನಿಂದ ಮೋಸಗಾರರಲ್ಲಿ ಒಬ್ಬನಾಗುತ್ತಾನೆ. ಗುಮಾಸ್ತರಿಗೂ ಇದೇ ಎಚ್ಚರ ಬೇಕು. 1961ರ ಕಾಯಿದೆಗೆ 2004ರಲ್ಲಿ ಒಂದು ಕಲಮನ್ನು ಸೇರಿಸಿ, ಇನ್ನೊಬ್ಬನು ತೆರಿಗೆ ತಪ್ಪಿಸಿಕೊಳ್ಳಲೆಂದು ಪುಸ್ತಕದಲ್ಲಿ ಸುಳ್ಳು ಲೆಕ್ಕ ಬರೆದವನನ್ನೂ ಬರೆಯಿಸಿದವನನ್ನೂ ಶಿಕ್ಷೆಗೆ ಗುರಿಮಾಡಿದರು. ಆ ಇನ್ನೊಬ್ಬನು ನಿಜವಾಗಿ ತೆರಿಗೆ ತಪ್ಪಿಸಿಕೊಂಡನೆಂದು ರುಜುವಾತುಪಡಿಸುವ ಅವಶ್ಯಕತೆಯೂ ಅದರಲ್ಲಿ ಇರಲಿಲ್ಲ. ಧಣಿ ಹೇಳಿದಂತೆ ಬರೆದೆನೆಂಬ ಸಮಾಧಾನಕ್ಕೆ ಇಲ್ಲಿ ಹೆಚ್ಚು ಬೆಲೆಯಿಲ್ಲ.

ಇಷ್ಟನ್ನು ಓದಿ, ಸುಳ್ಳು ಹೇಳುವವರು ಜನರು, ಅದನ್ನು ಹಿಡಿಯುವವರು ಅಧಿಕಾರಿಗಳು ಎಂದು ತಿಳಿದರೆ ವಿಷಯದ ಅರ್ಧವನ್ನೇ ತಿಳಿದಂತಾಗುವುದು. ಹೆದರಿಕೆಯಿಂದ ಹೊರಟ ಹೇಳಿಕೆಯೂ ಸುಳ್ಳಾಗಿರಬಹುದು. ರಾತ್ರಿಯೆಲ್ಲ ಶೋಧ ನಡೆದು, ಹೆಂಡತಿಮಕ್ಕಳು ಅಳುತ್ತಿರುವಾಗ, “ಒಪ್ಪಿಕೊಂಡು ರುಜು ಹಾಕಿದರೆ ನಾವು ಹೊರಡುತ್ತೇವೆ” ಎಂದರೆ, ಇಲ್ಲದ ಆದಾಯವನ್ನೂ ಒಪ್ಪಿಕೊಂಡುಬಿಡುವವರುಂಟು. ಮರುವಾರ ಅವರೇ ಬಂದು ಆ ಮಾತು ನಿಜವಲ್ಲವೆನ್ನುತ್ತಾರೆ. ಇಂಥ ದೂರುಗಳು ಬಂದುದರಿಂದಲೇ ಕೇಂದ್ರದ ನೇರ ತೆರಿಗೆಗಳ ಮಂಡಲಿಯು 2003ರ ಮಾರ್ಚ್ 10ರಂದು ತನ್ನ ಅಧಿಕಾರಿಗಳಿಗೆ ಪತ್ರ ಬರೆದು, ಶೋಧದ ವೇಳೆ ಒಪ್ಪಿಗೆಯ ಹೇಳಿಕೆ ಪಡೆಯಲು ಯತ್ನಿಸದೆ ದಾಖಲೆಗಳನ್ನು ಕೂಡಿಸುವುದರಲ್ಲಿ ಮನಸ್ಸಿಡಬೇಕೆಂದು ಆಜ್ಞಾಪಿಸಿತು. 2014ರಲ್ಲಿ ಅದನ್ನೇ ಮತ್ತೊಮ್ಮೆ ಹೇಳಬೇಕಾಯಿತೆಂಬುದು ಗಮನಿಸತಕ್ಕದ್ದು.

ನ್ಯಾಯಾಲಯಗಳು ಈ ವಿಷಯದಲ್ಲಿ ತೋರಿಸಿದ ವಿವೇಕ ಮೆಚ್ಚತಕ್ಕದ್ದಾಗಿದೆ. ಕೇರಳದ ರಬ್ಬರ್ ತೋಟದ ಕಂಪೆನಿಯೊಂದರ ಕೃಷಿ ಆದಾಯ ತೆರಿಗೆಯ ವ್ಯಾಜ್ಯದಲ್ಲಿ ಸುಪ್ರೀಂ ಕೋರ್ಟು ಕೊಟ್ಟ ತೀರ್ಪು 1973ರ ತೆರಿಗೆ ವರದಿಗಳಲ್ಲಿ ಅಚ್ಚಾಗಿದೆ. ತಾನಾಗಿ ಒಪ್ಪಿಕೊಂಡ ಮಾತು ಬಹಳ ಬಲವಾದ ಸಾಕ್ಷ್ಯವೇ ಸರಿ, ಆದರೆ ಅದೇ ಕೊನೆಯ ಮಾತಲ್ಲ, ಅದು ತಪ್ಪೆಂದು ತೋರಿಸಿಕೊಡುವ ಅವಕಾಶ ಹೇಳಿದವನಿಗೆ ಉಂಟು ಎಂಬುದು ಅದರ ಸಾರ. 1992ರಲ್ಲಿ ಇನ್ನೊಂದು ಮೊಕದ್ದಮೆ ಬಂತು. ವಿದೇಶಿ ವಿನಿಮಯದ ಅಧಿಕಾರಿಗಳ ಮುಂದೆ ಕೊಟ್ಟ ಹೇಳಿಕೆಯನ್ನು ಹಿಂದೆಗೆದುಕೊಂಡು, ಆದಾಯ ತೆರಿಗೆಯ ಅಧಿಕಾರಿಯ ಮುಂದೆ ಬೇರೆ ಮಾತು ಹೇಳಿದರೆಂದು ಸುಳ್ಳುಸಾಕ್ಷಿಯ ಆರೋಪ ಹೊರಿಸಲಾಗಿತ್ತು. ಎರಡು ಕಡೆಗಳಲ್ಲಿ ಒಂದಕ್ಕೊಂದು ವಿರುದ್ಧವಾಗಿ ಹೇಳಿದುದೊಂದೇ ಆ ಆರೋಪಕ್ಕೆ ಯಾವಾಗಲೂ ಸಾಲದೆಂದೂ, ಬೇಕೆಂದೇ ಸುಳ್ಳು ಹೇಳಿದನೆಂಬುದು ಸ್ಥಿರಪಡಬೇಕೆಂದೂ, ಹೇಳಿಕೆಯು ಸ್ವಂತ ಇಚ್ಛೆಯಿಂದ ಬಂದುದೇ ಎಂಬುದನ್ನು ಮೊದಲು ನೋಡಬೇಕೆಂದೂ ಸುಪ್ರೀಂ ಕೋರ್ಟು ನಿರ್ಣಯಿಸಿತು. ಹೆದರಿ ಸುಳ್ಳಾಡಿದವನು ಆಮೇಲೆ ಧೈರ್ಯ ತಂದುಕೊಂಡು ನಿಜ ಹೇಳಿದನೆಂದು ಅವನನ್ನೇ ಶಿಕ್ಷಿಸಿದರೆ ನಿಜ ಹೇಳಲು ಮುಂದೆ ಬರುವವರಾರು?

ಹಾಗಾದರೆ ಒಬ್ಬನ ಮಾತು ಸುಳ್ಳೋ ನಿಜವೋ ಎಂದು ತಿಳಿಯುವುದು ಹೇಗೆ? ಪ್ರಮಾಣ ಮಾಡಿಸುವುದೊಂದೇ ಸಾಲದೆಂದು ಅನುಭವ ಹೇಳುತ್ತದೆ. ಅದಕ್ಕಾಗಿ ಇರುವ ಹತಾರವೇ ಪಾಟೀಸವಾಲು. ಸಾಕ್ಷಿಯ ಮಾತಿನಿಂದ ಯಾರಿಗೆ ಹಾನಿಯೋ ಅವರ ಕಡೆಯವರು ಅವನನ್ನು ಎದುರಿಗೆ ನಿಲ್ಲಿಸಿಕೊಂಡು ಪ್ರಶ್ನಿಸುವುದಕ್ಕೆ ಈ ಹೆಸರು. ಇದರ ಮಹತ್ವವನ್ನು ತೋರಿಸುವ ಹಳೆಯ ಕಥೆಯೊಂದುಂಟು.

1946ರ ಜನವರಿಯಲ್ಲಿ ಅಂದಿನ ಸರಕಾರವು ಸಾವಿರ ರೂಪಾಯಿಯೇ ಮೊದಲಾದ ದೊಡ್ಡ ನೋಟುಗಳ ಚಲಾವಣೆಯನ್ನು ನಿಲ್ಲಿಸಿತು. ಮುಂಬಯಿ ಪ್ರಾಂತದ ವ್ಯಾಪಾರ ಸಂಸ್ಥೆಯೊಂದು ಆ ತಿಂಗಳ 18ರಂದು ಸಾವಿರ ರೂಪಾಯಿಯ 61 ನೋಟುಗಳನ್ನು ಬ್ಯಾಂಕಿನಲ್ಲಿ ಬದಲಾಯಿಸಿಕೊಂಡಿತು. ಇವು ಎಲ್ಲಿಂದ ಬಂದವೆಂದು ತೆರಿಗೆಯ ಅಧಿಕಾರಿ ಕೇಳಲು, ಸಂಸ್ಥೆಯು ತನ್ನ ರೋಜುಮೇಳವನ್ನು ತೋರಿಸಿ, ತನಗೆ ಸಾವಿರದ ನೋಟುಗಳನ್ನು ಕೊಟ್ಟ ಗಿರಾಕಿಗಳಿಂದ ಪ್ರಮಾಣಪತ್ರಗಳನ್ನು ತಂದೊಪ್ಪಿಸಿತು. ಆ ಗಿರಾಕಿಗಳನ್ನು ಕರೆಸಿ ಪ್ರಶ್ನಿಸುವ ಗೋಜಿಗೆ ಯಾರೂ ಹೋಗಲಿಲ್ಲ. ಆದರೂ ಕೊನೆಗೆ 31 ನೋಟುಗಳ ವಿವರಣೆಯನ್ನು ನಂಬಿ, ಉಳಿದ 30 ನೋಟುಗಳು ಗುಪ್ತ ಲಾಭವೆಂದು ತೆರಿಗೆ ಹಾಕಿದರು. ಒಂದೇ ಪುಸ್ತಕ, ಒಂದೇ ಪ್ರಮಾಣಪತ್ರ, ಅರ್ಧ ನಿಜ ಅರ್ಧ ಸುಳ್ಳು ಎಂದರೆ ಹೇಗೆ? ವ್ಯಾಜ್ಯವು ಮುಂಬಯಿ ಹೈಕೋರ್ಟನ್ನು ದಾಟಿ ಸುಪ್ರೀಂ ಕೋರ್ಟಿಗೆ ಹೋಯಿತು. ಪ್ರಮಾಣ ಮಾಡಿದವರನ್ನು ಪಾಟೀಸವಾಲಿಗೆ ಕರೆಯದೆ ಅವರ ಮಾತನ್ನು ಬರಿಯ ಊಹೆಯಿಂದ ತಳ್ಳಿಹಾಕಕೂಡದೆಂದು ಆ ಕೋರ್ಟು 1956ರಲ್ಲಿ ತೀರ್ಪು ಕೊಟ್ಟು ಸಂಸ್ಥೆಯ ಪರವಾಗಿ ನಿಂತಿತು. ಸುಳ್ಳೆಂಬ ಸಂಶಯ ಬಂದರೆ ಕರೆದು ಕೇಳಬೇಕು, ಕೇಳದೆ ಸುಳ್ಳೆನ್ನಬಾರದು.

ಈ ನ್ಯಾಯ ಎರಡೂ ಕಡೆಗೆ ಸಲ್ಲುತ್ತದೆ. ಕೇರಳದ ಕಿರಾಣಿ ವ್ಯಾಪಾರಿಯೊಬ್ಬನ ಮಾರಾಟ ತೆರಿಗೆಯ ಲೆಕ್ಕವನ್ನು ಅಧಿಕಾರಿಯು ನಂಬಲಿಲ್ಲ. ಸಗಟು ವ್ಯಾಪಾರಿಯೊಬ್ಬನ ಪುಸ್ತಕದಲ್ಲಿ ಈತನಿಗೆ ಸರಕು ಮಾರಿದಂತೆ ಬರೆದಿದ್ದು, ಈತನ ಪುಸ್ತಕದಲ್ಲಿ ಅದು ಇಲ್ಲದಿದ್ದುದೇ ಕಾರಣ. ಆ ಸಗಟು ವ್ಯಾಪಾರಿಯನ್ನು ಕರೆಸಿರಿ, ನಾನು ಪ್ರಶ್ನಿಸುತ್ತೇನೆ ಎಂದು ಈತನು ಬೇಡಿಕೊಂಡರೆ ಅಧಿಕಾರಿ ಒಪ್ಪಲಿಲ್ಲ. 1977ರಲ್ಲಿ ಸುಪ್ರೀಂ ಕೋರ್ಟು ಈತನ ಬೇಡಿಕೆ ನ್ಯಾಯವಾದುದೆಂದಿತು. ಎರಡು ಪುಸ್ತಕಗಳಲ್ಲಿ ಒಂದು ಸುಳ್ಳೆಂಬುದು ನಿಶ್ಚಯ; ಅದು ಚಿಕ್ಕ ಅಂಗಡಿಯದೇ ಆಗಿರಬೇಕೆಂದು ಯಾರು ಹೇಳಿದರು? 1980ರ ಇನ್ನೊಂದು ತೀರ್ಪಿನಲ್ಲಿ, ಮದರಾಸಿನಿಂದ ಮುಂಬಯಿಗೆ ತಂತಿಯ ಮೂಲಕ ಹೋದ 1,07,350 ರೂಪಾಯಿಗಳು ಒಂದು ಸಂಸ್ಥೆಯವೆಂದು ಬ್ಯಾಂಕಿನ ಮ್ಯಾನೇಜರರ ಪತ್ರದ ಬಲದಿಂದ ನಿಶ್ಚಯಿಸಿದುದನ್ನು ಅದೇ ಕೋರ್ಟು ರದ್ದುಪಡಿಸಿತು. ಪತ್ರವನ್ನು ಸಂಸ್ಥೆಗೆ ತೋರಿಸಿ, ಬರೆದವರನ್ನು ಪ್ರಶ್ನಿಸಲು ಎಡೆಗೊಡಬೇಕಾಗಿತ್ತೆಂದು ಹೇಳಿತು.

ಸುಳ್ಳುಸಾಕ್ಷಿ ಹೇಳಿದನೆಂದು ದೂರು ಕೊಡುವ ಹಕ್ಕು ಯಾರಿಗೆ ಎಂಬುದು ಇನ್ನೊಂದು ಪ್ರಶ್ನೆ. ಹಗೆಯಿದ್ದವರೆಲ್ಲರೂ ಒಬ್ಬರ ಮೇಲೊಬ್ಬರು ದೂರು ಕೊಡಹೊರಟರೆ ಸಾಕ್ಷಿ ಹೇಳಲು ಯಾರೂ ಬಾರರು. ಆದುದರಿಂದ ಯಾವ ಕೋರ್ಟಿನ ಮುಂದೆ ಸುಳ್ಳು ನುಡಿಯಲ್ಪಟ್ಟಿತೋ ಆ ಕೋರ್ಟಿನ ಕಡೆಯಿಂದ, ಅಥವಾ ಅದರ ಮೇಲಿನ ಕೋರ್ಟಿನಿಂದ ದೂರು ಬರಬೇಕೆಂಬ ನಿಯಮವಿದೆ. 1964ರಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠವು ಬಹುಮತದಿಂದ, ಈ ನಿಯಮದ ಮಟ್ಟಿಗೆ ಆದಾಯ ತೆರಿಗೆಯ ಅಧಿಕಾರಿಯೂ ಕೋರ್ಟಿನಂತೆಯೇ ಎಂದು ಹೇಳಿತು. 2016ರ ಮೊಕದ್ದಮೆಯಲ್ಲಿ, ಶೋಧದ ವೇಳೆ ತಮಗೆ ಬ್ಯಾಂಕಿನಲ್ಲಿ ಲಾಕರು ಇಲ್ಲವೆಂದು ಪ್ರಮಾಣಪೂರ್ವಕ ಹೇಳಿದವರಿಗೆ ಲಾಕರು ಇದ್ದುದು ಆಮೇಲೆ ಹೊರಬಿತ್ತೆಂಬುದು ಆರೋಪ. ಆದರೂ ದೂರು ಕೊಟ್ಟ ಅಧಿಕಾರಿಗೆ ಆ ಅಧಿಕಾರವಿರಲಿಲ್ಲವೆಂದು ಮೊಕದ್ದಮೆಯೇ ಬಿದ್ದುಹೋಯಿತು. ಇದನ್ನು ಕೇಳಿ ಕೆಲವರಿಗೆ ಅಸಮಾಧಾನವಾಗಬಹುದು. ನಮಗೂ ಸ್ವಲ್ಪ ಆಯಿತೆನ್ನಬೇಕು. ಆದರೆ ಬಾಗಿಲನ್ನು ಕಾಯುವ ನಿಯಮವನ್ನು ಒಬ್ಬ ಸುಳ್ಳುಗಾರನಿಗಾಗಿ ಕಿತ್ತುಹಾಕಿದರೆ, ನಾಳೆ ಅದೇ ಬಾಗಿಲಿನಿಂದ ಹಗೆಯವರು ಸತ್ಯವಂತನ ಮೇಲೆ ನುಗ್ಗುವರು.

ಕೊನೆಗೆ ಭಾಷೆಯ ಮಾತು. ಗಡಿನಾಡಿನವರಾದ ನಮಗೆ ಇದು ಸಣ್ಣ ವಿಷಯವಲ್ಲ. ಸಾಕ್ಷಿಯು ಕನ್ನಡದಲ್ಲೋ ತುಳುವಿನಲ್ಲೋ ಹೇಳಿದುದು ಕಾಗದದ ಮೇಲೆ ಇಂಗ್ಲಿಷಿನಲ್ಲೋ ಆ ರಾಜ್ಯದ ಭಾಷೆಯಲ್ಲೋ ಇಳಿಯುತ್ತದೆ. “ನಾನು ಕಂಡಿಲ್ಲ” ಎಂಬುದಕ್ಕೂ “ನನಗೆ ನೆನಪಿಲ್ಲ” ಎಂಬುದಕ್ಕೂ ಇರುವ ಅಂತರ ಬರೆಯುವವರ ಅವಸರದಲ್ಲಿ ಅಳಿದುಹೋಗಬಹುದು. ಕೆಳಗೆ ಬಿದ್ದ ರುಜುವಾದರೋ ಅಳಿಯುವುದಿಲ್ಲ. ಕ್ರಿಮಿನಲ್ ಕೋರ್ಟುಗಳಿಗಾಗಿ 2023ರಲ್ಲಿ ರಚಿಸಿದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯು, ಹಿಂದಿನ ಸಂಹಿತೆಯಂತೆಯೇ, ಸಾಕ್ಷ್ಯವನ್ನು ಸಾಕ್ಷಿಗೆ ತಿಳಿಯದ ಭಾಷೆಯಲ್ಲಿ ಬರೆದಿದ್ದರೆ ಅವನು ಹೇಳಿದ ಭಾಷೆಯಲ್ಲಿ, ಇಲ್ಲವೆ ಅವನಿಗೆ ತಿಳಿಯುವ ಭಾಷೆಯಲ್ಲಿ ಅದರ ಅರ್ಥವನ್ನು ಹೇಳತಕ್ಕದ್ದೆಂದು ಗೊತ್ತುಮಾಡಿದೆ. ಬರೆದುದು ಸರಿಯಲ್ಲವೆಂದು ಸಾಕ್ಷಿ ಹೇಳಿದರೆ ಅದನ್ನು ತಿದ್ದಬಹುದು, ಇಲ್ಲವೆ ಅವನ ಆಕ್ಷೇಪಣೆಯನ್ನು ಬರೆದಿಡಬಹುದು. ತೆರಿಗೆಯ ಕಚೇರಿಯಲ್ಲಿಯೂ, ನನಗೆ ಈ ಭಾಷೆ ಓದಲು ಬಾರದು, ದಯವಿಟ್ಟು ಓದಿ ಅರ್ಥ ಹೇಳಿಸಿರಿ ಎಂದು ವಿನಯದಿಂದ ಕೇಳಲು ಯಾರೂ ಸಂಕೋಚಪಡಬೇಕಾಗಿಲ್ಲ. ತಪ್ಪು ಕಂಡಲ್ಲಿ ರುಜುವಿಗೆ ಮೊದಲೇ ತಿದ್ದಿಸಬೇಕು. ಬೇರೆಯವರು ಓದಿ ತಿಳಿಸಿದ್ದರೆ, ಇಂಥ ಭಾಷೆಯಲ್ಲಿ ಇಂಥವರು ಓದಿ ಹೇಳಿದರು ಎಂಬ ಒಂದು ಸಾಲನ್ನು ಹೇಳಿಕೆಯ ಕೊನೆಯಲ್ಲಿ ಬರೆಯಿಸಿ, ಅದರ ಕೆಳಗೆ ತಾರೀಕಿನೊಡನೆ ರುಜು ಮಾಡಬೇಕು. ಕನ್ನಡ ಮಾತ್ರ ಬಲ್ಲವರು ಆ ಸಾಲನ್ನು ತಮ್ಮ ಕೈಯಿಂದಲೇ ಕನ್ನಡದಲ್ಲಿ ಬರೆಯುವುದು ಲೇಸು.